ಪೇಪರಿನ ಮಾಲಕ ಯಾರು? ತಾಲ್ಲೂಕು ವರದಿಗಾರನ ಕಡೆಯಿಂದ ನೋಡಿದಾಗ

ಪ್ರತಿವರ್ಷ ಮಾರ್ಚ್ ಬಂತೆಂದರೆ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಚೌಕಟ್ಟು ಕಾಣಿಸಿಕೊಳ್ಳುವುದು ವಾಡಿಕೆ. ಮೇಲೆ ‘ಫಾರಂ 4’ ಎಂದಿರುತ್ತದೆ. ಪ್ರಕಟಣೆಯ ಸ್ಥಳ, ಮುದ್ರಕರು, ಪ್ರಕಾಶಕರು, ಸಂಪಾದಕರು, ಕೊನೆಯಲ್ಲಿ ಪತ್ರಿಕೆಯ ಒಡೆಯರು ಯಾರು, ಒಟ್ಟು ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವ ಷೇರುದಾರರು ಯಾರು ಎಂಬ ವಿವರ. 1956ರ ನಿಯಮಗಳಿಂದ ಬಂದ ಪದ್ಧತಿ ಇದು. ಮೊದಲನೇ ಪತ್ರಿಕಾ ಆಯೋಗ 1954ರಲ್ಲಿ ಕೊಟ್ಟ ವರದಿಯ ಹಿಂದಿದ್ದ ಆಸೆ ಸರಳವಾಗಿತ್ತು: ತಾನು ಓದುವ ಪತ್ರಿಕೆ ಯಾರದ್ದು ಎಂದು ಓದುಗನಿಗೆ ಗೊತ್ತಿರಬೇಕು.

ಆ ಚೌಕಟ್ಟನ್ನು ನಾನೂ ಬಹಳ ವರ್ಷ ಓದದೆ ದಾಟಿ ಹೋಗಿದ್ದೆ. ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ವರದಿಗಾರನಾಗಿ ದುಡಿಯಲು ಶುರುಮಾಡಿದ ಮೇಲೆ ಅದನ್ನು ಗಮನವಿಟ್ಟು ಓದತೊಡಗಿದೆ. ಅದರಲ್ಲಿದ್ದ ಹೆಸರುಗಳೆಲ್ಲ ನಿಜ. ಆದರೆ ನಾನು ಯಾವ ಸುದ್ದಿ ಬರೆಯಬಹುದು, ಯಾವುದನ್ನು ಬರೆಯಬಾರದು ಎಂಬುದನ್ನು ದಿನದಿನವೂ ತೀರ್ಮಾನಿಸುತ್ತಿದ್ದವರ ಹೆಸರು ಅಲ್ಲಿ ಇರಲಿಲ್ಲ.

ಒಂದು ಸಂಜೆಯ ಮಾತು. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ನಾಲ್ಕು ಮಂದಿ ಹೆಣ್ಣುಮಕ್ಕಳು ಹುಡುಕಿಕೊಂಡು ಬಂದರು. ಊರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಕಸ ಹೊಡೆಯುವ, ನೆಲ ಒರೆಸುವ ಕೆಲಸದವರು. ಒಬ್ಬಾಕೆ ಸೆರಗಿನೊಳಗಿಂದ ಬ್ಯಾಂಕ್ ಪಾಸ್‌ಬುಕ್ ತೆಗೆದು ಬಿಡಿಸಿದರು. ಕೊನೆಯ ಸಾಲು ಮೂರು ತಿಂಗಳ ಹಿಂದಿನದು. “ಅಣ್ಣಾರ, ಮೂರು ತಿಂಗಳಾತ್ರಿ ಪಗಾರ ಆಗಿಲ್ಲ. ನೀವು ಪೇಪರದಾಗ ಹಾಕಿದ್ರ ಕೊಡ್ತಾರ್ರಿ” ಎಂದರು. ಪಾಸ್‌ಬುಕ್ಕಿನ ಫೋಟೊ ತೆಗೆದುಕೊಂಡೆ, ಸುದ್ದಿ ಬರೆದೆ. ಅದೇ ಹೊತ್ತಿಗೆ ನನ್ನ ಅಂಗಿಯ ಜೇಬಿನಲ್ಲಿ ಅದೇ ಸಂಸ್ಥೆಯವರು ವಾರ್ಷಿಕೋತ್ಸವದ ಪುರವಣಿಗೆ ಕೊಟ್ಟ ಅರ್ಧ ಪುಟದ ಜಾಹೀರಾತಿನ ಆರ್ಡರ್ ಇತ್ತು. ಅದನ್ನು ತಂದವನೂ ನಾನೇ. ರಾತ್ರಿ ಜಾಹೀರಾತು ವಿಭಾಗದಿಂದ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. “ಬ್ಯಾಡ ಅನ್ನಂಗಿಲ್ಲೋ ತಮ್ಮಾ. ಪುರವಣಿ ಒಂದ್ ಹೊರಗ ಬರಲಿ, ಆಮ್ಯಾಲ ಬರಿ.” ಪುರವಣಿ ಬಂತು. ಅಷ್ಟರಲ್ಲಿ ಆ ನಾಲ್ವರಲ್ಲಿ ಇಬ್ಬರನ್ನು ಕೆಲಸದಿಂದ ಬಿಡಿಸಿ ಆಗಿತ್ತು. ಸುದ್ದಿ ಬರಲೇ ಇಲ್ಲ.

ಯಾರೂ ಬೆದರಿಸಲಿಲ್ಲ, ಲಂಚ ಕೊಡಲಿಲ್ಲ. ಆ ಪತ್ರಿಕೆಯ ಒಡೆಯರಿಗೆ ಇಂಥ ಸುದ್ದಿಯೊಂದು ಇತ್ತೆಂಬುದೂ ಗೊತ್ತಿರಲಿಕ್ಕಿಲ್ಲ. ನನಗೆ ಬರುತ್ತಿದ್ದ ಗೌರವಧನ ಗಾಡಿಯ ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಮನೆ ನಡೆಯುತ್ತಿದ್ದುದು ಜಾಹೀರಾತಿನ ಕಮಿಷನ್‌ನಿಂದ. ನನ್ನ ಬಳಿ ನೇಮಕಾತಿ ಪತ್ರ ಇರಲಿಲ್ಲ, ಪ್ರಾವಿಡೆಂಟ್ ಫಂಡ್ ಇರಲಿಲ್ಲ, ಇದ್ದದ್ದು ಕೊರಳಿಗೆ ಹಾಕುವ ಗುರುತಿನ ಚೀಟಿ ಒಂದೇ. ಅನ್ನ ಕೊಡುವವರೇ ಜಾಹೀರಾತುದಾರರು ಎಂದಾದ ಮೇಲೆ ಮಾಲಕರೂ ಅವರೇ ಅಲ್ಲವೇ?

ಮಾಧ್ಯಮ ಸುಧಾರಣೆಯ ಚರ್ಚೆ ನಮ್ಮಲ್ಲಿ ನಡೆಯುವುದು ಬಹುತೇಕ ಮೇಲಿನ ಅಂತಸ್ತಿನಲ್ಲಿ. ಯಾವ ಉದ್ಯಮಿ ಯಾವ ಚಾನೆಲ್ ಕೊಂಡ, ಯಾವ ಪಕ್ಷಕ್ಕೆ ಯಾವ ಪತ್ರಿಕೆ ಹತ್ತಿರ ಎಂಬ ಲೆಕ್ಕ. ಆ ಲೆಕ್ಕ ಬೇಕು, ಕಲಬುರಗಿಯವರಿಗಂತೂ ಹೆಚ್ಚೇ ಬೇಕು. ವಾಡಿಯ ಎಸಿಸಿ ಸಿಮೆಂಟ್ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಎಸಿಸಿ ಕಂಪನಿ 2022ರ ಸೆಪ್ಟೆಂಬರ್‌ನಲ್ಲಿ ಅದಾನಿ ಸಮೂಹದ ಕೈಸೇರಿತು. ಅದೇ ವರ್ಷ ಡಿಸೆಂಬರ್ ಮುಗಿಯುವುದರೊಳಗೆ ಎನ್‌ಡಿಟಿವಿಯ ಬಹುಪಾಲು ಷೇರು ಅದೇ ಸಮೂಹದ್ದಾಯಿತು. 2025ರ ಏಪ್ರಿಲ್‌ನಲ್ಲಿ ಚಿತ್ತಾಪುರದ ಓರಿಯಂಟ್ ಸಿಮೆಂಟ್ ಕಾರ್ಖಾನೆಯ ಕಂಪನಿಯೂ ಅದರ ತೆಕ್ಕೆಗೆ ಬಂತು. ಹೀಗೆ ಒಂದೇ ತಾಲ್ಲೂಕಿನ ಎರಡು ದೊಡ್ಡ ಸಿಮೆಂಟ್ ಕಾರ್ಖಾನೆಗಳ ಒಡೆತನವೂ ದೇಶದ ಒಂದು ಪ್ರಮುಖ ಸುದ್ದಿವಾಹಿನಿಯ ಒಡೆತನವೂ ಒಂದೇ ಮನೆತನದ್ದು. ಆ ವಾಹಿನಿ ವಾಡಿಯ ಬಗ್ಗೆ ಏನನ್ನೋ ಮುಚ್ಚಿಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯ ಗುತ್ತಿಗೆ ಕಾರ್ಮಿಕ ನಾಳೆ ತನ್ನ ಅಹವಾಲನ್ನು ಟಿವಿಯವರ ಮುಂದೆ ಇಡಲು ಹೊರಟರೆ ಅವನ ಎದುರಿನ ಬಾಗಿಲುಗಳಲ್ಲಿ ಒಂದು ಅವನ ಧಣಿಯದ್ದೇ ಆಗಿರುತ್ತದೆ ಎನ್ನುತ್ತಿದ್ದೇನೆ.

ಕನ್ನಡದ ಮಾಧ್ಯಮಗಳಲ್ಲೂ ಇದೇ ದಿಕ್ಕು. ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ 1999ರಲ್ಲಿ ಶುರುಮಾಡಿದ ವಿಜಯ ಕರ್ನಾಟಕ 2006ರಲ್ಲಿ ಟೈಮ್ಸ್ ಸಮೂಹಕ್ಕೆ ಹೋಯಿತು. ಅವರೇ 2012ರಲ್ಲಿ ವಿಜಯವಾಣಿ ತಂದರು. ರಿಲಯನ್ಸ್ 2014ರಲ್ಲಿ ನೆಟ್‌ವರ್ಕ್18 ಸಮೂಹವನ್ನು ಕೈಗೆ ತೆಗೆದುಕೊಂಡಿತು. ಈಟಿವಿ ನ್ಯೂಸ್ ಕನ್ನಡ ಇಂದಿನ ನ್ಯೂಸ್18 ಕನ್ನಡವಾದದ್ದು ಆ ದಾರಿಯಲ್ಲೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಅಂದರೆ ಟ್ರಾಯ್, ಮಾಧ್ಯಮ ಒಡೆತನಕ್ಕೆ ಮಿತಿ ಬೇಕು, ರಾಜಕೀಯ ಪಕ್ಷಗಳನ್ನು ಪ್ರಸಾರ ವಲಯದಿಂದ ಹೊರಗಿಡಬೇಕು, ದೊಡ್ಡ ಉದ್ಯಮಗಳ ಪ್ರವೇಶಕ್ಕೂ ನಿರ್ಬಂಧ ಬೇಕು ಎಂದು 2014ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿತ್ತು. 2022ರಲ್ಲಿ ಮತ್ತೆ ಸಮಾಲೋಚನೆ ನಡೆಸಿತು. ಅಂಥ ಮಿತಿ ಹಾಕುವ ಕಾನೂನು ಮಾತ್ರ ಬರಲಿಲ್ಲ.

ಒಡೆತನದ ಕಡೆಯಿಂದ ಸುಧಾರಣೆ ತರುವ ಹಳೆಯ ಪ್ರಯತ್ನಗಳ ಗತಿ ಏನಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು. ದೊಡ್ಡ ಪತ್ರಿಕೆಗಳು ಕಡಿಮೆ ಬೆಲೆಗೆ ಹೆಚ್ಚು ಪುಟ ಕೊಟ್ಟು ಸಣ್ಣವನ್ನು ನುಂಗದಿರಲಿ ಎಂದು 1956ರಲ್ಲಿ ಬೆಲೆ ಮತ್ತು ಪುಟದ ಕಾಯ್ದೆ ಬಂತು. ಸಕಾಳ್ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಅದನ್ನು ಹೊಡೆದುಹಾಕಿತು. ದೊಡ್ಡ ಪತ್ರಿಕೆಗಳು ಹತ್ತು ಪುಟ ಮೀರದಂತೆ ಕಾಗದ ಹಂಚಿಕೆಯ ಮೂಲಕ ಕಡಿವಾಣ ಹಾಕಿದ ನೀತಿಯೂ ಬೆನೆಟ್ ಕೋಲ್ಮನ್ ಮೊಕದ್ದಮೆಯಲ್ಲಿ 1972ರಲ್ಲಿ ಬಿದ್ದುಹೋಯಿತು. ಎರಡೂ ಸಲ ಕೋರ್ಟಿನ ಕಾರಣ ಒಂದೇ: ಇದು ವಾಕ್ ಸ್ವಾತಂತ್ರ್ಯದ ಮೇಲೆ ಕೈ ಹಾಕಿದಂತೆ. ಕೋರ್ಟಿನ ಆತಂಕ ಪೊಳ್ಳಲ್ಲ. ಪುಟ ಎಷ್ಟಿರಬೇಕೆಂದು ಇವತ್ತು ಹೇಳುವ ಸರ್ಕಾರ ನಾಳೆ ಆ ಪುಟದಲ್ಲಿ ಏನಿರಬೇಕೆಂದೂ ಹೇಳೀತು. ನಮ್ಮ ಭಾಗದವರಿಗೆ ಇದು ಬರೀ ತರ್ಕವಲ್ಲ. ನಿಜಾಮರ ಕಾಲದಲ್ಲಿ ಪತ್ರಿಕೆ ತೆಗೆಯಲು ದರ್ಬಾರಿನ ಅನುಮತಿ ಬೇಕಿತ್ತು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ರಜಾಕಾರರು ಕೊಂದರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಗೆ ಆಗ ಇನ್ನು ತಿಂಗಳೂ ಇರಲಿಲ್ಲ. ಕಲಬುರಗಿ, ಬೀದರ್ ಅದೇ ಸಂಸ್ಥಾನದ ಜಿಲ್ಲೆಗಳು.

ಆದರೆ ಒಂದು ಸುಧಾರಣೆ ಕೋರ್ಟಿನಲ್ಲಿ ಗೆದ್ದಿದೆ. ಅದು ದುಡಿಯುವವರ ಕಡೆಯಿಂದ ಬಂದದ್ದು. ಭಾರತೀಯ ಕಾರ್ಯನಿರತ ಪತ್ರಕರ್ತರ ಒಕ್ಕೂಟ 1950ರಲ್ಲಿ ಹುಟ್ಟಿತು. ಎಂ. ಚಲಪತಿ ರಾವ್ ಅದರ ಮೊದಲ ಅಧ್ಯಕ್ಷರು. ಪತ್ರಕರ್ತರ ಸಂಘಟನೆಯ ಒತ್ತಾಯ ಮತ್ತು ಪತ್ರಿಕಾ ಆಯೋಗದ ವರದಿ ಸೇರಿ 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯ್ದೆಯಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಮೊಕದ್ದಮೆಯಲ್ಲಿ ಕೋರ್ಟು 1958ರಲ್ಲಿ ಪತ್ರಕರ್ತರ ಪಗಾರ ಗೊತ್ತುಮಾಡಲು ಕೂತ ಮೊದಲ ವೇತನ ಮಂಡಳಿಯ ತೀರ್ಮಾನವನ್ನು ತಳ್ಳಿಹಾಕಿತಾದರೂ ಕಾಯ್ದೆಯ ತಿರುಳನ್ನು ಎತ್ತಿಹಿಡಿಯಿತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಸರ್ಕಾರ 2011ರ ನವೆಂಬರ್ 11ರಂದು ಅಧಿಸೂಚನೆಯಾಗಿ ಹೊರಡಿಸಿದಾಗ ಮಾಲೀಕರು ಮತ್ತೆ ಹೋದರು, 2014ರ ಫೆಬ್ರುವರಿ 7ರಂದು ಮತ್ತೆ ಸೋತರು. 2017ರ ಜೂನ್ 19ರ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗುತ್ತಿಗೆ ನೌಕರರಿಗೂ ಈ ವೇತನ ಅನ್ವಯಿಸುತ್ತದೆ, ‘ನನಗೆ ಇಷ್ಟೇ ಸಾಕು’ ಎಂದು ಬರೆಸಿಕೊಂಡ ಮಾತ್ರಕ್ಕೆ ಮಂಡಳಿ ಹೇಳಿದ್ದಕ್ಕಿಂತ ಕಡಿಮೆ ಕೊಡಲಾಗದು ಎಂದಿತು.

ಅಂದರೆ ನಮ್ಮ ದೇಶದಲ್ಲಿ ಮಾಲೀಕನ ಕೈ ಕಟ್ಟಲು ಹೊರಟ ಕಾನೂನುಗಳು ಬಿದ್ದವು, ದುಡಿಯುವವನ ಬೆನ್ನು ಗಟ್ಟಿಮಾಡಿದ ಕಾನೂನು ನಿಂತಿತು. ಕಾರ್ಮಿಕ ಸಂಘದ ಕೆಲಸವನ್ನು ಮಾಧ್ಯಮ ಸುಧಾರಣೆಯ ಬಾಲವೆಂದು ನೋಡುವವರಿಗೆ ಇದು ಕಾಣುವುದಿಲ್ಲ. ನನ್ನ ಮಟ್ಟಿಗೆ ಅದೇ ಈ ಸುಧಾರಣೆಯ ತಲೆ.

1955ರ ಆ ಕಾಯ್ದೆಯಲ್ಲಿ ಒಂದು ಸಣ್ಣ ಸಾಲಿದೆ, ಅದರ ಮೇಲೆ ನನಗೆ ಬಹಳ ಪ್ರೀತಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿನ ಕುರಿತ ಐದನೇ ಸೆಕ್ಷನ್. ಬೇರೆ ಕಾರಣಕ್ಕೆ ತಾನಾಗಿ ರಾಜೀನಾಮೆ ಕೊಡುವ ಪತ್ರಕರ್ತನಿಗೆ ಗ್ರಾಚ್ಯುಟಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಆಗಿರಬೇಕು. ಆತ್ಮಸಾಕ್ಷಿಯ ಕಾರಣಕ್ಕೆ ರಾಜೀನಾಮೆ ಕೊಟ್ಟರೆ ಮೂರೇ ವರ್ಷ ಸಾಕು. ಪತ್ರಿಕೆಯ ನಿಲುವು ಬದಲಾಯಿತು, ಸುಳ್ಳು ಬರೆಯಲು ಹೇಳಿದರು, ನನ್ನಿಂದಾಗದು ಎಂದು ಎದ್ದುಹೋಗುವವನ ಮನೆಯ ಒಲೆ ಆರದಿರಲಿ ಎಂದು ಕಾನೂನು ಬರೆದವರು ಯೋಚಿಸಿದ್ದರು. ಆತ್ಮಸಾಕ್ಷಿಗೂ ರೊಕ್ಕಕ್ಕೂ ಇರುವ ಸಂಬಂಧ ಅವರಿಗೆ ಗೊತ್ತಿತ್ತು.

ಈಗ ಆ ಕಾಯ್ದೆ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳೊಳಗೆ ಅದು ಕರಗಿತು. ಗ್ರಾಚ್ಯುಟಿಗೆ ಮೂರು ವರ್ಷ ಎಂಬುದು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಉಳಿದಿದೆ, ಆತ್ಮಸಾಕ್ಷಿ ಎಂಬ ಮಾತು ಉಳಿದಿಲ್ಲ. ಪತ್ರಕರ್ತರಿಗೆಂದೇ ಕಾಯ್ದೆಯ ಬಲದಿಂದ ಕೂರುತ್ತಿದ್ದ ಹಳೆಯ ಮಾದರಿಯ ವೇತನ ಮಂಡಳಿಯೂ ಹೋಯಿತು. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಅರ್ಧದಷ್ಟು ಮಂದಿ ಒಟ್ಟಾಗಿ ರಜೆ ಹಾಕಿದರೂ ಅದು ಮುಷ್ಕರವೇ. ಮಾಲೀಕರೊಂದಿಗೆ ಮಾತುಕತೆ ನಡೆಸುವ ಏಕೈಕ ಸಂಘವಾಗಲು ಹಾಜರಿ ಪಟ್ಟಿಯಲ್ಲಿರುವವರ ಪೈಕಿ ಶೇ 51ರಷ್ಟು ಬೆಂಬಲ ಬೇಕು. ಆ ಹಾಜರಿ ಪಟ್ಟಿ ಎಂಬ ಮಾತಿನ ಮೇಲೆ ಬೆರಳಿಟ್ಟು ನೋಡಿ. ಆಳಂದ, ಸುರಪುರ, ಹುಮನಾಬಾದ್‌ನ ವರದಿಗಾರರ ಹೆಸರು ಯಾವ ಹಾಜರಿ ಪಟ್ಟಿಯಲ್ಲಿದೆ?

ಹಾಗೆಂದು ಸಂಹಿತೆಗಳಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲವೆಂದಲ್ಲ. ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಕಾರ್ಯನಿರತ ಪತ್ರಕರ್ತ ಎಂಬ ಪದದೊಳಗೆ ಟಿವಿ ಮತ್ತು ಡಿಜಿಟಲ್ ಮಾಧ್ಯಮದವರೂ ಬಂದಿದ್ದಾರೆ. ಪೂರ್ಣಾವಧಿ ಮಾತ್ರವಲ್ಲ, ಅರೆಕಾಲಿಕ ಕೆಲಸದವರೂ ಅದರಲ್ಲಿದ್ದಾರೆ. ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯ ಎಂದೂ ಅದೇ ಸಂಹಿತೆ ಹೇಳುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಪತ್ರಕರ್ತರ ಸಂಘಗಳು ಬೇರೆಲ್ಲ ಬೇಡಿಕೆ ಪಕ್ಕಕ್ಕಿಟ್ಟು ಈ ಒಂದನ್ನು ಹಿಡಿದು ಕೂತರೆ ಸಾಕಷ್ಟು ದೂರ ಹೋಗಬಹುದು.

ಸಂಘದ ಬಗ್ಗೆ ಒಂದು ಕಹಿ ಮಾತನ್ನೂ ಹೇಳಬೇಕು. ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ಡಿ.ವಿ. ಗುಂಡಪ್ಪನವರ ಕಾಲದಿಂದ ಬಂದ ಹಿರಿಯ ಸಂಸ್ಥೆ. ಜಿಲ್ಲೆಗಳಲ್ಲಿ ನಾವು, ಅಂದರೆ ನಾನೂ ಸೇರಿ, ಸಂಘವನ್ನು ಬಳಸಿಕೊಂಡದ್ದು ನಿವೇಶನ, ಬಸ್ ಪಾಸ್, ಪತ್ರಿಕಾ ಭವನ, ಪತ್ರಿಕಾ ದಿನಾಚರಣೆಯ ಸನ್ಮಾನಕ್ಕೆ. ಇವೆಲ್ಲ ಸರ್ಕಾರದಿಂದ ಕೇಳುವಂಥವು. ಯಾರ ವಿರುದ್ಧ ಬರೆಯಬೇಕಿತ್ತೋ ಅದೇ ಮಂತ್ರಿ, ಅದೇ ಶಾಸಕರ ಬಳಿ ಹೋಗಿ ಕೇಳುವಂಥವು. ಮಾಲೀಕನ ಬಳಿ ಕೇಳಬೇಕಾದ ಪಗಾರ, ಪಿಎಫ್, ನೇಮಕಾತಿ ಪತ್ರದ ಮಾತು ಸಭೆಯ ಕೊನೆಯ ಐದು ನಿಮಿಷಕ್ಕೆ ಬರುತ್ತಿತ್ತು, ಅಷ್ಟರಲ್ಲಿ ಊಟ ತಯಾರಾಗಿರುತ್ತಿತ್ತು. ಪೇಜ್ ಮಾಡುವವರು, ಮುದ್ರಣ ಯಂತ್ರದವರು, ಬೆಳಗಿನ ನಾಲ್ಕಕ್ಕೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಪುರವಣಿ ಸೇರಿಸಿ ಕಟ್ಟು ಕಟ್ಟುವ ಹುಡುಗರು ನಮ್ಮ ಸಂಘದಲ್ಲಿ ಇರಲಿಲ್ಲ. ‘ಪತ್ರಕರ್ತರು’ ಎಂಬ ಮರ್ಯಾದೆಯ ಪದ ನಮ್ಮನ್ನು ಕಾರ್ಮಿಕರಾಗಲು ಬಿಡಲಿಲ್ಲ. 1955ರ ಕಾಯ್ದೆಯ ಹೆಸರಿನಲ್ಲೇ ‘ಮತ್ತು ಇತರ ಪತ್ರಿಕಾ ನೌಕರರು’ ಎಂದಿತ್ತು.

ಇದರ ಇನ್ನೊಂದು ಮುಖ, ಪತ್ರಿಕೆಗಳಿಂದ ಕಾರ್ಮಿಕರ ಸುದ್ದಿಯೇ ಮಾಯವಾದದ್ದು. ಎಂಎಸ್‌ಕೆ ಮಿಲ್ಲಿನ ಸೈರನ್ನಿಗೆ ಅರ್ಧ ಕಲಬುರಗಿ ಏಳುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಸುತ್ತಾರೆ. ಮಿಲ್ಲು ಮುಚ್ಚಿತು, ಶಹಾಬಾದಿನ ಹಳೆಯ ಕಾರ್ಖಾನೆಗಳು ಸೊರಗಿದವು. ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತಿಗೆ ಪದ್ಧತಿ ಬೆಳೆಯಿತು. ಇವತ್ತು ಜಿಲ್ಲಾ ಕಚೇರಿಗಳಲ್ಲಿ ರಾಜಕೀಯಕ್ಕೆ, ಅಪರಾಧಕ್ಕೆ, ಕೃಷಿಗೆ ವರದಿಗಾರರಿದ್ದಾರೆ. ಕಾರ್ಮಿಕರ ಸುದ್ದಿಗೆಂದೇ ಇರುವವರನ್ನು ನಾನು ಕಂಡಿಲ್ಲ. ಆಶಾ, ಅಂಗನವಾಡಿಯವರು ಬೀದಿಗಿಳಿದರೆ ‘ಸಂಚಾರ ಅಸ್ತವ್ಯಸ್ತ’ ಎಂಬ ತಲೆಬರಹ ಬೀಳುತ್ತದೆ. ತನ್ನ ಪಗಾರದ ಬಗ್ಗೆ ಬಾಯಿ ಬಿಡಲಾಗದವನಿಗೆ ಇನ್ನೊಬ್ಬರ ಪಗಾರದ ಬಗ್ಗೆ ಬರೆಯುವ ಕಸುವು ಎಲ್ಲಿಂದ ಬರಬೇಕು?

ಬಂದ ಸುದ್ದಿಯೂ ದೂರ ಹೋಗುವುದಿಲ್ಲ. ಜಿಲ್ಲಾ ಪುಟಗಳ ಪದ್ಧತಿ ಹುಟ್ಟಿದ್ದು ಸ್ಥಳೀಯ ಜಾಹೀರಾತು ಹಿಡಿಯಲು. ಅದರಿಂದ ನಮ್ಮೂರ ಸುದ್ದಿಗೆ ಜಾಗ ಸಿಕ್ಕಿತು, ನಿಜ. ಆದರೆ ಯಾದಗಿರಿಯ ತಾಂಡಾಗಳಿಂದ ಗುಳೆ ಹೋಗುವವರ ಸುದ್ದಿಯನ್ನು ಯಾದಗಿರಿಯವರು ಮಾತ್ರ ಓದುತ್ತಾರೆ. ಅವರು ಇಟ್ಟಿಗೆ ಹೊರುವ ಬೆಂಗಳೂರಿನ ಓದುಗನಿಗೆ ಆ ಪುಟ ತಲುಪುವುದೇ ಇಲ್ಲ. ವಿಧಾನಸೌಧದವರಿಗೂ ಇಲ್ಲ.

ಪ್ರೆಸ್ ಕೌನ್ಸಿಲ್‌ನ ಉಪಸಮಿತಿ 2010ರಲ್ಲಿ ‘ಕಾಸಿಗಾಗಿ ಸುದ್ದಿ’, ಅಂದರೆ ದುಡ್ಡು ಪಡೆದು ಜಾಹೀರಾತನ್ನೇ ಸುದ್ದಿಯೆಂದು ಹಾಕುವುದರ ಬಗ್ಗೆ ಕೊಟ್ಟ ವರದಿಯನ್ನು ಬರೆದವರು ಪರಂಜಯ್ ಗುಹಾ ಠಾಕುರ್ತಾ ಮತ್ತು ಹೈದರಾಬಾದಿನ ಕೆ. ಶ್ರೀನಿವಾಸ ರೆಡ್ಡಿ. ರೆಡ್ಡಿಯವರು ಪತ್ರಕರ್ತರ ಸಂಘಟನೆಯಿಂದಲೇ ಬಂದವರು. ಗುತ್ತಿಗೆ ನೇಮಕ ಪತ್ರಕರ್ತರ ಸ್ವಾತಂತ್ರ್ಯವನ್ನು ತಿಂದುಹಾಕಿದೆ, ಜಾಹೀರಾತಿನ ಏಜೆಂಟರೂ ಆಗಿರುವ ವರದಿಗಾರರಿಂದ ಈ ಪಿಡುಗು ಬೇರುಬಿಟ್ಟಿದೆ ಎಂಬುದನ್ನು ಆ ವರದಿ ಗುರುತಿಸಿತ್ತು. ಕೌನ್ಸಿಲ್ ಮೊದಲು ಹೊರಗೆ ಬಿಟ್ಟದ್ದು ಚುಟುಕು ರೂಪವನ್ನು. ಪತ್ರಿಕೆಗಳ ಹೆಸರುಗಳಿದ್ದ ಪೂರ್ತಿ ವರದಿ ಬರಲು ಕೇಂದ್ರ ಮಾಹಿತಿ ಆಯೋಗದ ಆದೇಶವೇ ಬೇಕಾಯಿತು. ಕೌನ್ಸಿಲ್‌ಗೆ ಛೀಮಾರಿ ಹಾಕುವ ಅಧಿಕಾರವಿದೆ, ದಂಡ ಹಾಕುವ ಅಧಿಕಾರವಿಲ್ಲ, ಟಿವಿ ಅದರ ವ್ಯಾಪ್ತಿಗೇ ಬರುವುದಿಲ್ಲ.

ಇಷ್ಟು ಹೇಳಿದಾಗ ಬೀದರಿನ ಒಬ್ಬ ಸಣ್ಣ ಪತ್ರಿಕೆಯ ಸಂಪಾದಕರು ನನ್ನನ್ನು ತಡೆದು ಕೇಳಿದರು: “ಮಾಲಕನೂ ನಾನೇ, ವರದಿಗಾರನೂ ನಾನೇ. ನಾ ಯಾರಿಗೆ ಪಗಾರ ಕೊಡ್ಲಿ?” ಅವರ ಮಾತು ನ್ಯಾಯ. ನಾಲ್ಕು ಪುಟದ ಪತ್ರಿಕೆಯನ್ನೂ ಬಹುಕೋಟಿಯ ಸಂಸ್ಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ವೇತನ ಮಂಡಳಿಗಳು ಹಾಗೆ ತೂಗಿರಲೂ ಇಲ್ಲ. ಒಟ್ಟು ಆದಾಯದ ಮೇಲೆ ಪತ್ರಿಕೆಗಳನ್ನು ದರ್ಜೆಗಳಾಗಿ ವಿಂಗಡಿಸಿ ಸಣ್ಣವಕ್ಕೆ ಸಣ್ಣ ದರ ಗೊತ್ತುಮಾಡಿದ್ದವು. ಸಣ್ಣ ಪತ್ರಿಕೆಗಳ ಹೆಸರು ಮುಂದೆ ಮಾಡಿ ಕೊಡಬೇಕಾದ್ದನ್ನು ತಪ್ಪಿಸಿಕೊಂಡವರು ದೊಡ್ಡವರು.

ಸರ್ಕಾರದ ಕೈಯಲ್ಲಿ ಒಂದು ಕೀಲಿಯಿದೆ. ನಮ್ಮ ಭಾಗದ ಪತ್ರಿಕೆಗಳಿಗೆ ಸರ್ಕಾರಿ ಜಾಹೀರಾತು ದೊಡ್ಡ ಆಸರೆ: ಟೆಂಡರ್, ಜಯಂತಿ, ಯೋಜನೆಗಳ ಪ್ರಚಾರ. ಅದು ಸಿಗಬೇಕಾದರೆ ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಹೆಸರಿರಬೇಕು. ತನ್ನ ಎಲ್ಲ ವರದಿಗಾರರಿಗೂ ನೇಮಕಾತಿ ಪತ್ರ ಕೊಟ್ಟಿದೆ, ಪಗಾರವನ್ನು ಬ್ಯಾಂಕ್ ಖಾತೆಗೆ ಹಾಕುತ್ತಿದೆ, ವರದಿಗಾರನಿಗೆ ಜಾಹೀರಾತಿನ ಗುರಿ ಕೊಡುವುದಿಲ್ಲ ಎಂದು ತೋರಿಸಿದ ಪತ್ರಿಕೆಗೆ ಮಾತ್ರ ಆ ಪಟ್ಟಿಯಲ್ಲಿ ಜಾಗ ಎಂದು ನಿಯಮ ಮಾಡಲಿ. ಏನು ಬರೆಯಬೇಕೆಂಬ ಷರತ್ತು ಇದರಲ್ಲಿ ಇಲ್ಲವಾದ್ದರಿಂದ ಸಕಾಳ್ ತೀರ್ಪಿನ ತಕರಾರು ಇದಕ್ಕೆ ತಟ್ಟುವುದಿಲ್ಲ ಎಂದು ನನ್ನ ನಂಬಿಕೆ. ಮಾರ್ಚ್ ತಿಂಗಳ ಆ ಚೌಕಟ್ಟಿನಲ್ಲಿ ಒಡೆಯರ ಹೆಸರಿನ ಕೆಳಗೆ ಈ ಜಿಲ್ಲೆಯಲ್ಲಿ ಅವರಿಗೆ ಇರುವ ಬೇರೆ ಉದ್ಯಮಗಳ ಸಾಲೂ ಬೇಕು. 1867ರ ಹಳೆಯ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್ 1ರಿಂದ ಹೊಸ ನೋಂದಣಿ ಕಾಯ್ದೆ ಬಂದಾಗ ಅದಕ್ಕೆ ಒಳ್ಳೆಯ ಅವಕಾಶವಿತ್ತು, ತಪ್ಪಿಹೋಯಿತು.

ಖಾಸಗಿ ಒಡೆತನ ಒಂದೇ ದಾರಿಯಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದ ಸೈಟ್ ಪ್ರಯೋಗಕ್ಕೆ ಆರಿಸಿದ್ದ ಕರ್ನಾಟಕದ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ಬಿಜಾಪುರ. ಬೆಂಗಳೂರಿನವರಿಗಿಂತ ಮೊದಲು ನಮ್ಮ ಹಳ್ಳಿಗಳು ಟಿವಿ ನೋಡಿದವು. ಆಕಾಶವಾಣಿಯ ಕಲಬುರಗಿ ಕೇಂದ್ರ 1966ರಿಂದ ಇದೆ. ಸಾರ್ವಜನಿಕ ಒಡೆತನ ಬಂದ ಕೂಡಲೇ ಎಲ್ಲ ಸರಿಹೋಗುತ್ತದೆಂದು ಹೇಳಲಾರೆ. ಆಕಾಶವಾಣಿ ಕೇಂದ್ರಗಳಲ್ಲಿ ವರ್ಷಗಟ್ಟಲೆ ‘ಕ್ಯಾಶುವಲ್’ ಎಂಬ ಹೆಸರಿನಲ್ಲೇ ದುಡಿದ ಉದ್ಘೋಷಕರು ದೇಶದ ತುಂಬ ಇದ್ದಾರೆ. ಮಾಲೀಕ ಸರ್ಕಾರವಾದರೂ ನೇಮಕಾತಿ ಪತ್ರದ ಪ್ರಶ್ನೆ ಬೆನ್ನು ಬಿಡಲಿಲ್ಲ.

ಹೋದ ತಿಂಗಳು ಅಫಜಲಪುರ ಕಡೆಯ ಒಬ್ಬ ಹುಡುಗ ಮನೆಗೆ ಬಂದಿದ್ದ. ಆರು ವರ್ಷದಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದಾನೆ, ಪುರವಣಿಗೆ ಜಾಹೀರಾತು ತಂದಿಲ್ಲವೆಂದು ಈಗ ಅವನ ಸುದ್ದಿ ಹಾಕುವುದನ್ನೇ ನಿಲ್ಲಿಸಿದ್ದಾರೆ. ಕಲಬುರಗಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಕೊಡಲು ದೂರಿನ ಅರ್ಜಿ ಬರೆಯುತ್ತಿದ್ದ. ಉದ್ಯೋಗದಾತರ ಹೆಸರು ಎಂಬಲ್ಲಿ ಮೊದಲು ಪತ್ರಿಕೆಯ ಏಜೆಂಟರ ಹೆಸರು ಬರೆದ, ಹೊಡೆದುಹಾಕಿದ. ಜಿಲ್ಲಾ ವರದಿಗಾರರ ಹೆಸರು ಬರೆದ, ಅದನ್ನೂ ಹೊಡೆದುಹಾಕಿದ. “ಅಣ್ಣಾ, ಇಲ್ಲಿ ಯಾರ ಹೆಸರ ಬರೀಲ್ರಿ?” ಎಂದು ಕೇಳಿದ.

ಅಟ್ಟದ ಮೇಲಿದ್ದ ಹಳೆಯ ಪೇಪರಿನ ಕಟ್ಟು ಬಿಚ್ಚಿ ಆ ಪತ್ರಿಕೆಯ ಮಾರ್ಚ್ ಸಂಚಿಕೆ ಹುಡುಕಿದೆವು. ಫಾರಂ 4ರ ಕೊನೆಯ ಸಾಲಿನಲ್ಲಿದ್ದ ಹೆಸರನ್ನು ವಿಳಾಸದ ಸಮೇತ ಅವನ ಅರ್ಜಿಗೆ ಇಳಿಸಿಕೊಂಡ. ಜೊತೆಗೆ ಗುರುತಿನ ಚೀಟಿಯ ಝೆರಾಕ್ಸ್, ಅವನ ಹೆಸರಿನಲ್ಲಿ ಬಂದ ವರದಿಗಳ ಕತ್ತರಿಕೆ, ‘ನಾಳೆ ಸಿಎಂ ಕಾರ್ಯಕ್ರಮಕ್ಕೆ ಹೋಗು’ ಎಂದು ಡೆಸ್ಕಿನಿಂದ ಬಂದ ವಾಟ್ಸ್ಯಾಪ್ ಸಂದೇಶಗಳ ಪ್ರಿಂಟ್, ಗೌರವಧನ ಜಮಾ ಆದ ಬ್ಯಾಂಕ್ ಪುಟಗಳನ್ನು ಲಗತ್ತಿಸಿದೆವು. ಕತ್ತರಿಕೆಗಳನ್ನು ಎಣಿಸಲು ಕೂತರೆ ಸಂಜೆಯಾಯಿತು. ನಾಲ್ಕು ನೂರ ಹನ್ನೆರಡು. ಮರುದಿನ ಹೋಗಿ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡು ಬಂದ. ಆ ಮುದ್ರೆಯ ಫೋಟೊವನ್ನು ತಾಲ್ಲೂಕು ವರದಿಗಾರರ ಗುಂಪಿಗೆ ಕಳಿಸಿದ್ದಾನೆ. ರಾತ್ರಿಯೊಳಗೆ ಹನ್ನೊಂದು ಮಂದಿ ಅರ್ಜಿಯ ನಮೂನೆ ಕೇಳಿದ್ದಾರೆ.